ಹದಿನೆಂಟು ತುಂಬಿತು, ಇನ್ನು ಎಲ್ಲಿಗೆ? ಮನಸ್ಸಿನ ಕಾಯಿಲೆ ಇರುವ ಮಕ್ಕಳಿಗೆ ಮಂಗಳೂರು-ಉಡುಪಿಯಲ್ಲಿರುವ ದಾರಿಗಳು

ನನ್ನ ತಮ್ಮನಿಗೆ ಹದಿನೆಂಟು ತುಂಬಿದ ಎಂಟನೇ ದಿನ ನಾವು ಆಸ್ಪತ್ರೆಯ ಕೌಂಟರಿನ ಮುಂದೆ ನಿಂತಿದ್ದೆವು. ಅಮ್ಮ ಎಂದಿನಂತೆ ಪೆನ್ನು ಹಿಡಿದು ಸಹಿ ಹಾಕಲು ಬಗ್ಗಿದರು. ಆಚೆ ಕೂತಿದ್ದ ಹುಡುಗಿ ಕಾಗದವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, "ಇನ್ನು ಇವರದ್ದೇ ಸಹಿ ಬೇಕು ಅಮ್ಮಾ, ಹದಿನೆಂಟು ಆಗಿದೆ" ಅಂದಳು. ತಮ್ಮ ಕೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ. "ಎಂಕ್ ಬೊಡ್ಚಿ" ಅಂದ. ನನಗೆ ಬೇಡ.

ಎರಡು ವರ್ಷದಿಂದ ಅವನನ್ನು ನೋಡುತ್ತಿದ್ದವರು ಮಕ್ಕಳ ಮನೋವೈದ್ಯರು. ಇನ್ನು ದೊಡ್ಡವರ ವಿಭಾಗಕ್ಕೆ ಹೋಗಿ ಅಂದರು. ಯಾರ ಹತ್ತಿರ, ಯಾವ ದಿನ, ಅಲ್ಲಿ ಏನು ಹೇಳಬೇಕು ಎನ್ನುವ ಒಂದು ಚೀಟಿಯೂ ನಮಗೆ ಸಿಗಲಿಲ್ಲ. ಅವತ್ತು ಮನೆಗೆ ಬಂದವನು ನಾಲ್ಕು ತಿಂಗಳು ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಐದನೇ ತಿಂಗಳು ಒಂದು ರಾತ್ರಿ ಎರಡು ಗಂಟೆಗೆ ಅಂಗಳ ಗುಡಿಸುತ್ತಿದ್ದ. ಹನ್ನೊಂದು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ ಎಂದು ನಮಗೆ ಆಮೇಲೆ ಗೊತ್ತಾಯಿತು.

ಇದೆಲ್ಲ ಆಗಿ ಆರು ವರ್ಷ ಕಳೆಯಿತು. ಈಗ ಅವನು ಕೆಲಸಕ್ಕೆ ಹೋಗುತ್ತಾನೆ. ಇದನ್ನು ಬರೆಯಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ. ನಮ್ಮ ಮನೆಯ ಕಥೆ ಗೊತ್ತಿರುವವರು ನನಗೆ ಆಗಾಗ ಫೋನ್ ಮಾಡುತ್ತಾರೆ. ಎಲ್ಲರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ. ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ಗೆ ಹೋಗೋದಾ, ಮಣಿಪಾಲಕ್ಕಾ? ಬೆಂಗಳೂರಿನ ಮನೋರೋಗದ ದೊಡ್ಡಾಸ್ಪತ್ರೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಲೇಬೇಕಾ? ಕಾಲೇಜು ಬಿಡಿಸೋದಾ? ನಾನು ಡಾಕ್ಟರಲ್ಲ. ಆದರೆ ಈ ದಾರಿಗಳಲ್ಲಿ ಬಹುತೇಕ ಎಲ್ಲವನ್ನೂ ನಡೆದು ನೋಡಿದವಳು.

ಈ ವಯಸ್ಸೇ ಯಾಕೆ ಇಷ್ಟು ಸೂಕ್ಷ್ಮ ಅಂದರೆ, ಬದುಕಿಡೀ ಕಾಡುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14ರೊಳಗೆ ಶುರುವಾಗುತ್ತವೆ. ಸುಮಾರು ಮುಕ್ಕಾಲು ಪಾಲು 24ರೊಳಗೆ ಕಾಣಿಸಿಕೊಂಡಿರುತ್ತವೆ. ಬೈಪೋಲಾರ್ (ಅತಿಯಾದ ಹುರುಪು, ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ), ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬುವ ಕಾಯಿಲೆ) ಇಂಥವು ಹೆಚ್ಚಾಗಿ ತಲೆ ಎತ್ತುವುದು ಪಿಯುಸಿಯಿಂದ ಡಿಗ್ರಿ ಮುಗಿಯುವ ಹೊತ್ತಿನಲ್ಲಿ. ಕಾಯಿಲೆ ಜೋರಾಗುವ ಹೊತ್ತಿಗೇ ಡಾಕ್ಟರ್, ಕಾಲೇಜು, ಕಾನೂನು ಎಲ್ಲವೂ ಬದಲಾಗುತ್ತವೆ.

ಮೊದಲು ಏನನ್ನು ಅಳೆಯಬೇಕು?

"ಯಾವುದು ಬೆಸ್ಟ್?" ಎಂದು ಕೇಳುವ ಬದಲು, "ನನ್ನ ಮಗ, ನನ್ನ ಮಗಳು ಆರನೇ ಸಲವೂ ಹೋಗುವ ಜಾಗ ಯಾವುದು?" ಎಂದು ಕೇಳಿ. ಮೊದಲ ಸಲ ಎಲ್ಲಿಗಾದರೂ ಎಳೆದುಕೊಂಡು ಹೋಗಬಹುದು. ಈ ಕಾಯಿಲೆಗಳಿಗೆ ಬೇಕಾದದ್ದು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಹೋಗಿಬರುವುದು. ಹದಿನೆಂಟರ ನಂತರ ಹೆಚ್ಚಾಗಿ ತುಂಡಾಗುವುದೇ ಆ ಎಳೆ. ನಾನು ಯಾವ ಆಸ್ಪತ್ರೆಯನ್ನು ತೂಗಿದರೂ ಮೊದಲು ನೋಡುವುದು ಇದನ್ನೇ.

ಎರಡನೆಯದು ಮಗ ಅಥವಾ ಮಗಳು ಒಬ್ಬರೇ ಇದ್ದಾಗ ಡಾಕ್ಟರ್ ಅವರ ಜೊತೆ ಮಾತಾಡುತ್ತಾರಾ, ಮತ್ತು ಯಾವ ಭಾಷೆಯಲ್ಲಿ ಎನ್ನುವುದು. ನಮ್ಮ ಊರಲ್ಲಿ ಇದು ಸಣ್ಣ ವಿಷಯವಲ್ಲ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪ್ರ ಕನ್ನಡ. ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಸಂಕಟ ಹೊರಗೆ ಬರುವುದು ಮನೆಯ ಭಾಷೆಯಲ್ಲಿ. ತಮ್ಮ ಒಮ್ಮೆ "ಮಂಡೆ ಬೆಚ್ಚ ಆಗ್ತದೆ" ಅಂದಾಗ, ಹೊರ ರಾಜ್ಯದಿಂದ ಕಲಿಯಲು ಬಂದಿದ್ದ ಒಬ್ಬ ಕಿರಿಯ ಡಾಕ್ಟರ್ ಅದನ್ನು ತಲೆನೋವು ಎಂದು ಬರೆದುಕೊಂಡರು. ಅವನಿಗೆ ತಲೆನೋವು ಇರಲಿಲ್ಲ. ಚಿಂತೆ ನಿಲ್ಲುತ್ತಿರಲಿಲ್ಲ.

ಮೂರನೆಯದು ದುಡ್ಡು. ಒಂದು ಸಲದ ಫೀಸನ್ನು ನೋಡಬೇಡಿ, ಎರಡು ವರ್ಷದ ಲೆಕ್ಕ ಹಾಕಿ. ಬಸ್ಸಿನ ಖರ್ಚು, ಜೊತೆಗೆ ಹೋಗುವವರ ಒಂದು ದಿನದ ಸಂಬಳ, ಮಾತ್ರೆ, ರಕ್ತಪರೀಕ್ಷೆ ಎಲ್ಲವನ್ನೂ ಕೂಡಿಸಿ ಇಪ್ಪತ್ನಾಲ್ಕು ತಿಂಗಳಿಂದ ಗುಣಿಸಿ. ಆ ಮೊತ್ತ ನೋಡಿದರೆ ತೀರ್ಮಾನ ಬದಲಾಗುವುದುಂಟು.

ನಾಲ್ಕನೆಯದು ಮಾತ್ರೆಯ ಜೊತೆಗೆ ಬೇರೇನಿದೆ ಎನ್ನುವುದು. ಮಾತಿನ ಚಿಕಿತ್ಸೆ ಇದೆಯಾ, ಮನೆಯವರನ್ನು ಕೂರಿಸಿ ಮಾತಾಡುವ ಸೋಶಿಯಲ್ ವರ್ಕರ್ ಇದ್ದಾರಾ, ರಾತ್ರಿ ಹೋದರೆ ದಾಖಲು ಮಾಡಿಕೊಳ್ಳುತ್ತಾರಾ? ಇಲ್ಲೇ ಇನ್ನೊಂದು ಮಾತು. ಮನೋವೈದ್ಯರು ಎಂಬಿಬಿಎಸ್ ಓದಿ ಮೇಲೆ ಮನೋವೈದ್ಯಶಾಸ್ತ್ರ ಕಲಿತವರು, ಔಷಧಿ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು. ಕೌನ್ಸೆಲರ್ ಎಂಬ ಬೋರ್ಡನ್ನು ಯಾರೂ ಹಾಕಬಹುದು. ಗಂಭೀರ ಕಾಯಿಲೆ ಇದ್ದರೆ ಮೊದಲ ಭೇಟಿ ಮನೋವೈದ್ಯರದ್ದೇ ಆಗಲಿ.

ಸರ್ಕಾರಿ ಆಸ್ಪತ್ರೆ

ಮಂಗಳೂರಿನವರಿಗೆ ಹಂಪನಕಟ್ಟೆಯ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ. ಸಣ್ಣ ಮೊತ್ತದ ಚೀಟಿ ಮಾಡಿಸಿದರೆ ಡಾಕ್ಟರ್ ನೋಡುತ್ತಾರೆ, ಮಾತ್ರೆ ಅಲ್ಲೇ ಸಿಗುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಕೆಲಸ ಮಾಡುವುದೂ ಈ ವ್ಯವಸ್ಥೆಯಲ್ಲೇ. ಮನಸ್ಸಿನ ಚಿಕಿತ್ಸೆಯನ್ನು ಜಿಲ್ಲೆಗೆ ತರುವ ಈ ಯೋಜನೆಯನ್ನು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮೊದಲು ಮಾಡಿ ನೋಡಿದ್ದು ನಮ್ಮದೇ ಬಳ್ಳಾರಿಯಲ್ಲಿ. ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡನ್ನೂ ರಾಜ್ಯ ಸರ್ಕಾರ ಮಾಡಿದೆ. ಬೆಳ್ತಂಗಡಿ, ಸುಳ್ಯ, ಕಾರ್ಕಳ, ಕುಂದಾಪುರದ ಕಡೆಯವರು ಮೊದಲು ನಿಮ್ಮ ತಾಲೂಕು ಆಸ್ಪತ್ರೆಗೆ ಫೋನ್ ಮಾಡಿ, ಯಾವ ದಿನ ಬರುತ್ತಾರೆ ಎಂದು ಕೇಳಿ. ಮಂಗಳೂರಿಗೆ ಬಂದು ಹೋಗುವ ಒಂದು ದಿನ ಉಳಿಯಬಹುದು.

ಇಲ್ಲಿನ ತೊಂದರೆ ಸಮಯದ್ದು. ಕ್ಯೂ ಉದ್ದ, ಒಬ್ಬೊಬ್ಬರಿಗೆ ಸಿಗುವ ನಿಮಿಷ ಕಡಿಮೆ. ಹದಿನೆಂಟರ ಹುಡುಗಿ ಐವತ್ತು ಜನರ ಮಧ್ಯೆ ಪರಿಚಯದವರು ನೋಡುತ್ತಾರೋ ಎಂದು ಶಾಲು ಹೊದ್ದು ಕೂತಿರುವುದನ್ನು ನಾನು ನೋಡಿದ್ದೇನೆ. ಡಾಕ್ಟರೂ ಬದಲಾಗಬಹುದು. ಆದರೆ ಕಾಯಿಲೆ ಯಾವುದೆಂದು ಖಚಿತವಾಗಿ, ಮಾತ್ರೆ ಹೊಂದಿಕೊಂಡು, ಈಗ ಬೇಕಾದದ್ದು ತಿಂಗಳು ತಿಂಗಳು ಮಾತ್ರೆ ಮತ್ತು ಒಂದು ನೋಟ ಮಾತ್ರ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬೀಡಿ ಕಟ್ಟಿ ಮನೆ ನಡೆಸುವ ಒಬ್ಬ ತಾಯಿ, ಮಗಳ ಚಿಕಿತ್ಸೆಗೆ ಖಾಸಗಿ ಕ್ಲಿನಿಕ್‌ಗೆ ಎಂಟು ತಿಂಗಳು ಹೋಗಿ, ದುಡ್ಡು ಮುಗಿದಾಗ ಮಾತ್ರೆಯನ್ನೇ ನಿಲ್ಲಿಸಿದ್ದರು. ಮೂರನೇ ತಿಂಗಳಿಗೇ ಸರ್ಕಾರಿ ಆಸ್ಪತ್ರೆಗೆ ಬದಲಾಯಿಸಿದ್ದರೆ ಎಳೆ ತುಂಡಾಗುತ್ತಿರಲಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗುವುದು ಮರ್ಯಾದೆಗೆ ಕಡಿಮೆ ಎಂದು ದಯವಿಟ್ಟು ಅಂದುಕೊಳ್ಳಬೇಡಿ.

ಮೆಡಿಕಲ್ ಕಾಲೇಜು ಆಸ್ಪತ್ರೆಗಳು

ಈ ವಿಷಯದಲ್ಲಿ ಕರಾವಳಿಯವರು ಅದೃಷ್ಟವಂತರು. ಮಣಿಪಾಲದ ಕಸ್ತೂರ್ಬಾ, ಮಂಗಳೂರಿನಲ್ಲಿ ಕಂಕನಾಡಿಯ ಫಾದರ್ ಮುಲ್ಲರ್, ಅತ್ತಾವರದ ಕೆಎಂಸಿ, ಕುಂಟಿಕಾನದ ಎ.ಜೆ., ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಮತ್ತು ಯೆನೆಪೋಯ. ಒಂದೆರಡು ಗಂಟೆಯ ಬಸ್ ದಾರಿಯಲ್ಲಿ ಇಷ್ಟು ಬೋಧನಾ ಆಸ್ಪತ್ರೆಗಳು ಸಿಗುವ ಊರು ರಾಜ್ಯದಲ್ಲಿ ಹೆಚ್ಚಿಲ್ಲ.

ಕಾಯಿಲೆ ಏನೆಂದೇ ಗೊತ್ತಾಗದಿದ್ದಾಗ, ಅಥವಾ ಮನಸ್ಸಿನ ಜೊತೆ ದೇಹದ್ದೂ ಸಮಸ್ಯೆ ಇದ್ದಾಗ ನನ್ನ ಆಯ್ಕೆ ಇವೇ. ಥೈರಾಯ್ಡ್, ಫಿಟ್ಸ್, ಊಟ ಬಿಟ್ಟು ಸೊರಗಿದ್ದು, ಕುಡಿತ ಅಥವಾ ಗಾಂಜಾ ಸೇರಿಕೊಂಡಿದ್ದು, ಇವನ್ನೆಲ್ಲ ಒಂದೇ ಕಟ್ಟಡದಲ್ಲಿ ನೋಡಿಸಬಹುದು. ರಾತ್ರಿ ಹೋದರೂ ಯಾರಾದರೂ ಇರುತ್ತಾರೆ. ಮೊದಲ ಸಲ ಪಿಜಿ ವಿದ್ಯಾರ್ಥಿಯೊಬ್ಬರು ಮುಕ್ಕಾಲು ಗಂಟೆ ಕೂತು ಹುಟ್ಟಿದಾಗಿನಿಂದ ಎಲ್ಲ ಕೇಳಿ ಬರೆದುಕೊಳ್ಳುತ್ತಾರೆ. ಅಷ್ಟು ವಿವರವಾಗಿ ಬೇರೆಲ್ಲೂ ಯಾರೂ ನಮ್ಮನ್ನು ಕೇಳಿರಲಿಲ್ಲ.

ಆದರೆ ಆ ಪಿಜಿ ವಿದ್ಯಾರ್ಥಿ ಕೆಲವು ತಿಂಗಳಲ್ಲಿ ಬೇರೆ ಕಡೆಗೆ ಹೋಗುತ್ತಾರೆ. ಮುಂದಿನ ಸಲ ಹೊಸ ಮುಖ, ಮತ್ತೆ ಅದೇ ಕಥೆ. ತಮ್ಮನಿಗೆ ಸಿಟ್ಟು ಬರುತ್ತಿದ್ದದ್ದೇ ಇದಕ್ಕೆ. "ಎಷ್ಟು ಜನರಿಗೆ ಹೇಳ್ಬೇಕು ನಾನು?" ನಾವು ಕಂಡುಕೊಂಡ ಉಪಾಯ ಇಷ್ಟು. ಚೀಟಿಯ ಮೇಲೆ ಯಾವ ಯೂನಿಟ್ ಎಂದು ಬರೆದಿರುತ್ತದೆ. ಆ ಯೂನಿಟ್ಟಿನ ಹಿರಿಯ ಡಾಕ್ಟರ್ ಯಾರು, ಅವರು ಹೊರರೋಗಿಗಳನ್ನು ನೋಡುವ ಒಪಿಡಿ ಯಾವ ದಿನ ಎಂದು ಕೇಳಿ, ಆ ದಿನವೇ ಹೋಗಿ. ಕಿರಿಯರು ಬದಲಾದರೂ ಹಿರಿಯರು ಅವರೇ ಇರುತ್ತಾರೆ. ಅಲ್ಲಿನ ಸೋಶಿಯಲ್ ವರ್ಕರ್ ಜೊತೆಗೂ ಪರಿಚಯ ಮಾಡಿಕೊಳ್ಳಿ. ರೋಶನಿ ನಿಲಯದಂಥ ಸಮಾಜಕಾರ್ಯ ಕಾಲೇಜು 1960ರಿಂದ ಇರುವ ಊರು ಇದು, ಈ ಕೆಲಸ ಕಲಿತವರಿಗೆ ಇಲ್ಲಿ ಬರವಿಲ್ಲ. ರಿಯಾಯಿತಿ, ಸರ್ಕಾರಿ ಯೋಜನೆ, ಕಾಲೇಜಿಗೆ ಪತ್ರ, ಇವೆಲ್ಲ ನಮಗೆ ಸಿಕ್ಕಿದ್ದು ಡಾಕ್ಟರ್‌ಗಿಂತ ಜಾಸ್ತಿ ಅವರಿಂದಲೇ.

ಖರ್ಚು ಮಧ್ಯಮ. ಒಪಿಡಿ ಸಾಮಾನ್ಯವಾಗಿ ಕೈಗೆ ಎಟಕುತ್ತದೆ, ದಾಖಲಾದರೆ ಬಿಲ್ಲು ಏರುತ್ತದೆ. ದಾಖಲಾಗುವ ಮೊದಲೇ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ನಡೆಯುತ್ತದಾ ಎಂದು ವಿಚಾರಿಸಿ. ಖಾಸಗಿ ವಿಮೆ ಇದ್ದವರು ಇದನ್ನು ನೆನಪಿಡಿ: 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ, ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಒಪಿಡಿ ಖರ್ಚು ಮಾತ್ರ ಹೆಚ್ಚಿನ ಪಾಲಿಸಿಗಳಲ್ಲಿ ಸೇರಿರುವುದಿಲ್ಲ.

ಖಾಸಗಿ ಮನೋವೈದ್ಯರು ಮತ್ತು ಮನಸ್ಸಿನದ್ದೇ ಆಸ್ಪತ್ರೆ

ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಮನಸ್ಸಿನ ಕಾಯಿಲೆಗಳಿಗೇ ಹೆಸರಾದದ್ದು. ಎರಡೂ ಊರುಗಳಲ್ಲಿ ಸಂಜೆ ಹೊತ್ತು ಕ್ಲಿನಿಕ್ ನಡೆಸುವ ಮನೋವೈದ್ಯರೂ ಇದ್ದಾರೆ. ಇಲ್ಲಿ ಸಿಗುವ ದೊಡ್ಡ ಲಾಭ ಒಬ್ಬರೇ ಡಾಕ್ಟರ್. ಹೆಸರು ನೆನಪಿರುತ್ತದೆ, ಕಳೆದ ಸಲ ಏನು ಹೇಳಿದ್ದೆವು ಎನ್ನುವುದು ನೆನಪಿರುತ್ತದೆ. ಹೆಚ್ಚಿನವರು ತುಳುವಿನಲ್ಲೇ "ಎಂಚ ಉಲ್ಲ?", ಹೇಗಿದ್ದೀಯ, ಎಂದು ಕೇಳುತ್ತಾರೆ. ಸಂಜೆ ಆರರ ನಂತರ ಕ್ಲಿನಿಕ್ ಇದ್ದರೆ ಕಾಲೇಜಿಗೂ ಕೆಲಸಕ್ಕೂ ರಜೆ ಹಾಕಬೇಕಿಲ್ಲ. ನಾಲ್ಕು ತಿಂಗಳು ಎಲ್ಲಿಗೂ ಹೋಗದ ನನ್ನ ತಮ್ಮ ಕೊನೆಗೆ ಒಪ್ಪಿದ್ದು ಇಂಥ ಒಂದು ಸಂಜೆ ಕ್ಲಿನಿಕ್ಕಿಗೇ. ಮೊದಲ ದಿನ ಆ ಡಾಕ್ಟರ್ ನನ್ನನ್ನೂ ಅಮ್ಮನನ್ನೂ ಹೊರಗೆ ಕೂರಿಸಿದರು. ಅಮ್ಮನಿಗೆ ಕಣ್ಣಲ್ಲಿ ನೀರು ಬಂತು. ಹೊರಗೆ ಬಂದ ತಮ್ಮ, "ಮುಂದಿನ ವಾರ ಬರ್ಲಿಕ್ಕೆ ಹೇಳಿದ್ರು" ಅಂದ. ಅಷ್ಟೇ.

ತೊಂದರೆ ಎರಡು. ಫೀಸು ಪ್ರತಿ ಸಲವೂ ಇದೆ. ಮಾತಿನ ಚಿಕಿತ್ಸೆ ವಾರಕ್ಕೊಮ್ಮೆ ಬೇಕಾದರೆ ಖರ್ಚು ಬೇಗ ಏರುತ್ತದೆ. ಮತ್ತೆ, ಒಂಟಿ ಕ್ಲಿನಿಕ್ಕಿನಲ್ಲಿ ರಾತ್ರಿ ಯಾರೂ ಇಲ್ಲ. ಮೊದಲ ಭೇಟಿಯಲ್ಲೇ ಕೇಳಿ: "ರಾತ್ರಿ ಜೋರಾದ್ರೆ ನಾವು ಯಾವ ಆಸ್ಪತ್ರೆಗೆ ಹೋಗ್ಬೇಕು, ನೀವು ಅಲ್ಲಿಗೆ ಪತ್ರ ಕೊಡ್ತೀರಾ?" ಉತ್ತರ ಸ್ಪಷ್ಟವಾಗಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಮಾತ್ರೆಯ ಖರ್ಚಿಗೆ ಜೆನೆರಿಕ್ ಹೆಸರು ಬರೆದುಕೊಡಿ ಎಂದು ಕೇಳಲು ನಾಚಿಕೆ ಬೇಡ. ಜನೌಷಧಿ ಅಂಗಡಿಯಲ್ಲಿ ಅದೇ ಔಷಧಿಗೆ ತುಂಬಾ ಕಡಿಮೆ ಬೆಲೆ.

ನಿಮ್ಹಾನ್ಸ್‌ಗೆ ಯಾವಾಗ?

ರಾತ್ರಿ ಉಡುಪಿಯಲ್ಲಿ ಪಂಚಗಂಗಾ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಹೋಗುವುದು ಕಷ್ಟವಲ್ಲ. ಪ್ರತಿ ತಿಂಗಳು ಹೋಗುವುದು ಕಷ್ಟ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಆ ತಿಂಗಳ ಭೇಟಿಯೇ ತಪ್ಪುತ್ತದೆ. ನಿದ್ದೆ ಕೆಟ್ಟರೆ ಕಾಯಿಲೆ ತಿರುಗಿ ಬರುವ ಬೈಪೋಲಾರ್ ಮಗುವನ್ನು ತಿಂಗಳಿಗೊಮ್ಮೆ ರಾತ್ರಿ ಪ್ರಯಾಣ ಮಾಡಿಸುವುದೂ ಸರಿಯಲ್ಲ.

ಎರಡು ಮೂರು ಔಷಧಿಗೂ ಬಗ್ಗದ ಕಾಯಿಲೆ, ಡಾಕ್ಟರ್‌ಗಳ ನಡುವೆ ಅಭಿಪ್ರಾಯ ಭೇದ, ಚಿಕ್ಕವಯಸ್ಸಿನಲ್ಲೇ ಬಂದ ಸ್ಕಿಜೋಫ್ರೇನಿಯಾ, ಹಠ ಹಿಡಿದ ಓಸಿಡಿ (ಬೇಡವೆಂದರೂ ಅದೇ ಯೋಚನೆ, ಅದೇ ಕೆಲಸ ಮತ್ತೆ ಮತ್ತೆ ಬರುವ ಕಾಯಿಲೆ), ಇಂಥವಕ್ಕೆ ಒಮ್ಮೆ ಹೋಗಿ ಪೂರ್ತಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ. ಮಕ್ಕಳ ವಿಭಾಗ, ದೊಡ್ಡವರ ವಿಭಾಗ, ಪುನರ್ವಸತಿ ಎಲ್ಲವೂ ಅಲ್ಲಿ ಒಂದೇ ಆವರಣದಲ್ಲಿವೆ. ಹೊರಡುವಾಗ ಇಲ್ಲಿನ ಡಾಕ್ಟರ್‌ಗೆ ಪತ್ರ ಕೇಳಿ ತನ್ನಿ. ಮುಂದಿನದು ಇಲ್ಲಿ ನಡೆಯಲಿ. ಊರಿನ ಡಾಕ್ಟರನ್ನು ಬಿಟ್ಟು ಬೆಂಗಳೂರನ್ನೇ ನಂಬಿ ಕೂತವರಲ್ಲಿ ಎಳೆ ತುಂಡಾದವರನ್ನು ನಾನು ಜಾಸ್ತಿ ನೋಡಿದ್ದೇನೆ.

ಮನೆಯಿಂದ ದೂರ ಇಡುವುದು

"ಎಲ್ಲಾದರೂ ಆರು ತಿಂಗಳು ಬಿಟ್ಟರೆ ಸರಿಯಾಗ್ತಾನಾ?" ಸುಸ್ತಾದ ತಂದೆತಾಯಿ ಕೇಳುವ ಪ್ರಶ್ನೆ ಇದು. ಅವರ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಬೆಂಗಳೂರಿನಲ್ಲಿ ರಿಚ್ಮಂಡ್ ಫೆಲೋಶಿಪ್, ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್‌ನಂಥ ಸಂಸ್ಥೆಗಳು ಹಾಫ್‌ವೇ ಹೋಮ್ ನಡೆಸುತ್ತವೆ. ಆಸ್ಪತ್ರೆಗೂ ಮನೆಗೂ ನಡುವಿನ ತಂಗುದಾಣ ಅದು. ಅಡುಗೆ, ಬಟ್ಟೆ, ದುಡ್ಡಿನ ಲೆಕ್ಕ, ಕೆಲಸದ ಅಭ್ಯಾಸ ಇವನ್ನೆಲ್ಲ ಮತ್ತೆ ಕೂಡಿಸಿಕೊಳ್ಳುವ ಜಾಗ. ಮನೆಯಲ್ಲೇ ಜಗಳ ಹೊತ್ತಿ ಉರಿಯುತ್ತಿದ್ದರೆ, ಅಥವಾ ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ ಇದು ಒಳ್ಳೆಯದೇ. ಆದರೆ ಖರ್ಚಿದೆ. ವಾಪಸ್ ಬರುವ ದಿನದ ಬಗ್ಗೆ ಹೋಗುವ ದಿನವೇ ಮಾತಾಡಿರಬೇಕು.

ಎಲ್ಲಿಗೇ ಕಳಿಸಿ, ಒಂದು ಕಾಗದ ಕೇಳಿ ನೋಡಿ: ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ. ಅದಿಲ್ಲದ ಜಾಗಕ್ಕೆ ಬೇಡ. ಸರಪಳಿ ಹಾಕುವುದು ಕಾನೂನಿನಲ್ಲಿ ನಿಷಿದ್ಧ. "ಇಲ್ಲಿ ಹೊಡೆದು ಬುದ್ಧಿ ಕಲಿಸ್ತಾರೆ" ಎಂದು ಯಾರಾದರೂ ಹೊಗಳಿದರೆ, ಆ ಕಡೆ ತಲೆ ಹಾಕಬೇಡಿ.

ದೈವಕ್ಕೆ ಹೇಳಿಕೊಂಡದ್ದು, ಪ್ರಶ್ನೆ ಇಟ್ಟದ್ದು, ಇವು ನಮ್ಮ ಮನೆಯಲ್ಲೂ ಆಗಿವೆ. ಅಮ್ಮನಿಗೆ ಅದರಿಂದ ಧೈರ್ಯ ಬಂತು, ಅದನ್ನು ನಾನು ಸಣ್ಣದು ಎನ್ನುವುದಿಲ್ಲ. ಹರಕೆ ಹೇಳಿಕೊಳ್ಳಿ, ಮಾತ್ರೆ ಬಿಡಿಸಬೇಡಿ. ಎರಡಕ್ಕೂ ಜಗಳವಿಲ್ಲ. "ಮದುವೆ ಮಾಡಿದ್ರೆ ಸರಿಯಾಗ್ತದೆ" ಎನ್ನುವ ಮಾತನ್ನು ಮಾತ್ರ ದಯವಿಟ್ಟು ಒಪ್ಪಬೇಡಿ. ಹೆಣ್ಣುಮಕ್ಕಳಿಗೆ ಸೋಡಿಯಂ ವಾಲ್ಪ್ರೋಯೇಟ್ ಕೊಡುತ್ತಿದ್ದರೆ, ಅದು ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ ಮಾಡುವ ಔಷಧಿ. ಮದುವೆಯ ಮಾತಿಗಿಂತ ಎಷ್ಟೋ ಮೊದಲೇ ಬೇರೆ ಔಷಧಿ ಇದೆಯಾ ಎಂದು ಡಾಕ್ಟರ್ ಬಳಿ ಕೇಳಬೇಕು.

ಕಾಲೇಜಾ, ಮನೆಯಾ, ಕೆಲಸವಾ?

ಇಲ್ಲಿ ನಾನು ಪಕ್ಷಪಾತಿ. ಹಾಸ್ಟೆಲ್ ಬಿಡಿಸಿ, ಓದು ಬಿಡಿಸಬೇಡಿ. ಕರಾವಳಿಯ ಪಿಯು ಹಾಸ್ಟೆಲ್‌ಗಳಲ್ಲಿ ನೀಟ್, ಸಿಇಟಿ ಎಂದು ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ಓದಿಸುವ ಕ್ರಮ ಗಟ್ಟಿ ಮಕ್ಕಳಿಗೇ ಕಷ್ಟ. ಸರಿಯಾದ ಎಂಟು ಗಂಟೆಯ ನಿದ್ದೆಯೇ ಔಷಧಿಯಾಗಿರುವ ಮಕ್ಕಳಿಗೆ ಅದು ಆಗುವ ಮಾತಲ್ಲ. ಮನೆಯಿಂದ ಹೋಗಿಬರುವ, ಸ್ವಲ್ಪ ಕಡಿಮೆ ಹೆಸರಿನ ಕಾಲೇಜಾದರೂ ಸಾಕು.

ಅದೂ ಆಗದಿದ್ದರೆ ಎನ್‌ಐಓಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಇದೆ. ಹತ್ತು ಮತ್ತು ಹನ್ನೆರಡನೇ ತರಗತಿಯನ್ನು ಐದು ವರ್ಷದೊಳಗೆ, ಒಂಬತ್ತು ಅವಕಾಶಗಳಲ್ಲಿ ಒಂದೊಂದೇ ವಿಷಯವಾಗಿ ಮುಗಿಸಬಹುದು. ಕಾಯಿಲೆ ಜೋರಾದ ಆರು ತಿಂಗಳು ಪರೀಕ್ಷೆ ಬಿಟ್ಟರೂ ವರ್ಷ ಹಾಳಾಗುವುದಿಲ್ಲ. ಡಿಗ್ರಿಗೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಇವುಗಳ ಕೊರತೆ ಒಂದೇ. ದಿನವೂ ಮನೆಯಿಂದ ಹೊರಗೆ ಬೀಳುವ ಕಾರಣ ಇರುವುದಿಲ್ಲ. ಹಾಗಾಗಿ ಜೊತೆಗೆ ಅರ್ಧ ದಿನದ ಏನಾದರೂ ಕೆಲಸ ಇರಲಿ. ತಮ್ಮ ಬೆಳಿಗ್ಗೆ ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತಿದ್ದ. ಸಂಬಳ ಬಿಡಿ, ಒಂಬತ್ತು ಗಂಟೆಗೆ ಸ್ನಾನ ಮಾಡಿ ಅಂಗಿ ಹಾಕಿಕೊಳ್ಳಬೇಕಿತ್ತು. ಅದೇ ದೊಡ್ಡದು.

ಕೈಕೆಲಸ ಇಷ್ಟವಿರುವವರಿಗೆ ಉಜಿರೆಯ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಶುರುವಾದದ್ದು. 18ರಿಂದ 45ರೊಳಗಿನವರಿಗೆ ಉಚಿತ ತರಬೇತಿ, ಊಟ ವಸತಿ ಅಲ್ಲೇ. ಅವಧಿ ಚಿಕ್ಕದು, ಮುಗಿದಾಗ ಕೈಯಲ್ಲಿ ಒಂದು ವಿದ್ಯೆ ಇರುತ್ತದೆ. ಆದರೆ ಅಪರಿಚಿತರ ಜೊತೆ ಇರಬೇಕು, ಬೆಳಿಗ್ಗೆ ಬೇಗ ಏಳಬೇಕು. ಕೆಲವು ತಿಂಗಳಿಂದ ಸ್ಥಿರವಾಗಿರುವವರಿಗೆ ಸರಿ. ಮೊನ್ನೆ ಮೊನ್ನೆ ಆಸ್ಪತ್ರೆಯಿಂದ ಬಂದವರಿಗೆ ಅವಸರ.

ಗಲ್ಫ್ ಬಗ್ಗೆಯೂ ಕೇಳುತ್ತಾರೆ. ತಂದೆ ಅಲ್ಲೇ ಇದ್ದಾರೆ, ಕರೆಸಿಕೊಂಡರೆ ಆಯಿತು ಎಂದು. ಪಾಳಿ ಕೆಲಸ, ಒಂದೇ ರೂಮಿನಲ್ಲಿ ಆರು ಜನ, ಸರಿಯಾಗಿ ನಿದ್ದೆ ಇಲ್ಲ. ಮನಸ್ಸಿನ ಕೆಲವು ಔಷಧಿಗಳನ್ನು ಅಲ್ಲಿಗೆ ಒಯ್ಯಲು ಮುಂಚೆಯೇ ಅನುಮತಿ ಬೇಕು. ಎರಡು ವರ್ಷ ಕಾಯಿರಿ. ಮಾತ್ರೆಯನ್ನು ತಾನೇ ನೆನಪಿಟ್ಟು ತೆಗೆದುಕೊಳ್ಳುವಂತಾದ ಮೇಲೆ ಆ ಮಾತು.

ಸಹಿ ಈಗ ಅವರದ್ದು

ಹದಿನೆಂಟರ ಮುಂಚೆ ಪೋಷಕರ ಅರ್ಜಿಯ ಮೇಲೆ ದಾಖಲು ಮಾಡುತ್ತಾರೆ, ಮಗುವಿನ ಜೊತೆ ಮನೆಯವರು ಇರಬೇಕು, ದೊಡ್ಡವರಿಂದ ಬೇರೆ ಇಡಬೇಕು. ಹದಿನೆಂಟರ ನಂತರ ಒಪ್ಪಿಗೆ ಅವರದ್ದೇ. ಡಾಕ್ಟರ್ ಅವರ ವಿಷಯವನ್ನು ಗುಟ್ಟಾಗಿ ಇಡಬೇಕು, ನಮಗೂ ಸುಮ್ನೆ ಹೇಳುವಂತಿಲ್ಲ. ತನ್ನ ಅಥವಾ ಬೇರೆಯವರ ಪ್ರಾಣಕ್ಕೆ ಅಪಾಯವಿದ್ದಾಗ, ಅಥವಾ ತನ್ನನ್ನು ತಾನು ನೋಡಿಕೊಳ್ಳಲಾರದ ಸ್ಥಿತಿಯಲ್ಲಿದ್ದಾಗ ಮಾತ್ರ, ಒಬ್ಬ ಮನೋವೈದ್ಯರೂ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ಡಾಕ್ಟರೂ ಬೇರೆ ಬೇರೆಯಾಗಿ ನೋಡಿ, 30 ದಿನದವರೆಗೆ ದಾಖಲಿಸಿಕೊಳ್ಳಬಹುದು. ಅದಕ್ಕೂ ಅರ್ಜಿ ಕೊಡಬೇಕಾದವರು ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಕಾಯಿಲೆ ಇರುವವರ ಪರವಾಗಿ ನಿಲ್ಲುವವರು.

ಈ ಪ್ರತಿನಿಧಿಯ ವಿಷಯ ತುಂಬಾ ಮುಖ್ಯ, ಯಾರೂ ಹೇಳಿಕೊಡುವುದಿಲ್ಲ. ಹದಿನೆಂಟಾದವರು ಒಂದು ಬಿಳಿ ಹಾಳೆಯಲ್ಲಿ "ಇವರು ನನ್ನ ಪ್ರತಿನಿಧಿ" ಎಂದು ಬರೆದು ಸಹಿ ಹಾಕಿದರೆ ಸಾಕು. ಯಾವಾಗ ಬೇಕಾದರೂ ಬದಲಾಯಿಸಬಹುದು. ಚೆನ್ನಾಗಿರುವಾಗ ಕೇಳಿ, ಒತ್ತಾಯಿಸಬೇಡಿ. ನನ್ನ ತಮ್ಮ ಅದರಲ್ಲಿ ಅಮ್ಮನ ಹೆಸರು ಬರೆಯಲಿಲ್ಲ, ನನ್ನದು ಬರೆದ. ಅಮ್ಮನಿಗೆ ಬೇಸರವಾಯಿತು. ಆದರೆ ಅವನ ಆಯ್ಕೆಯನ್ನು ನಾವು ಗೌರವಿಸಿದ್ದಕ್ಕೇ ಅವನು ಮುಂದಿನ ಸಲ ತಾನಾಗಿ ಬಂದ ಎಂದು ನನಗೆ ಅನಿಸುತ್ತದೆ.

ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಬೇಕಾ ಎನ್ನುವುದಕ್ಕೆ ಒಂದೇ ಉತ್ತರವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯವೆಂದು ಪ್ರಮಾಣಪತ್ರ ಸಿಕ್ಕರೆ ಸರ್ಕಾರಿ ಕಾಲೇಜು ಸೀಟು ಮತ್ತು ನೌಕರಿಯಲ್ಲಿ ಮೀಸಲಾತಿ ಇದೆ. ಹಣೆಪಟ್ಟಿ ಅಂಟುತ್ತದೆ ಎಂಬ ಹೆದರಿಕೆ ಸಹಜ. ಕಾರ್ಡು ಇದ್ದರೆ ತೋರಿಸಲೇಬೇಕೆಂದಿಲ್ಲ, ಬೀರುವಿನಲ್ಲೂ ಇಡಬಹುದು. ಓದು ಅಥವಾ ದುಡಿಮೆ ಎರಡು ವರ್ಷದಿಂದ ನಿಂತೇ ಹೋಗಿದ್ದರೆ ಮಾಡಿಸಿ ಎನ್ನುತ್ತೇನೆ. ಓದು ಕುಂಟುತ್ತಾ ಸಾಗುತ್ತಿದ್ದರೆ ಅವಸರವಿಲ್ಲ, ಅವರನ್ನೇ ಕೇಳಿ.

ಬಾಲಮಂದಿರಗಳಲ್ಲಿ ಬೆಳೆದ ಮಕ್ಕಳಿಗೆ ಹದಿನೆಂಟು ಇನ್ನೂ ಕಠಿಣ. ಬಾಲನ್ಯಾಯ ಕಾಯಿದೆಯಲ್ಲಿ ಅವರಿಗೆ 21ರವರೆಗೆ ನಂತರದ ಆರೈಕೆಗೆ ಅವಕಾಶವಿದೆ. ನಿಮಗೆ ಅಂಥ ಹುಡುಗ ಹುಡುಗಿ ಗೊತ್ತಿದ್ದರೆ, ಹದಿನೆಂಟರ ಮುಂಚೆಯೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ.

ನಿಮ್ಮ ಮನೆಗೆ ಯಾವುದು?

ದುಡ್ಡು ಕಡಿಮೆ, ಕಾಯಿಲೆ ಹೊಸದು: ಮೆಡಿಕಲ್ ಕಾಲೇಜಿನಲ್ಲಿ ಗುರುತಿಸಿ, ಸ್ಥಿರವಾದ ಮೇಲೆ ಪತ್ರದೊಂದಿಗೆ ವೆನ್ಲಾಕ್, ಅಜ್ಜರಕಾಡು ಅಥವಾ ತಾಲೂಕು ಆಸ್ಪತ್ರೆಗೆ ಬದಲಾಯಿಸಿ. ಶಕ್ತಿ ಯೋಜನೆಯ ಉಚಿತ ಟಿಕೆಟ್ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆ ಓಡಾಡುವುದು ಹೆಚ್ಚಾಗಿ ಖಾಸಗಿ ಬಸ್, ಹಾಗಾಗಿ ಅಮ್ಮಂದಿರೂ ಬಸ್ಸಿನ ಖರ್ಚು ಲೆಕ್ಕಕ್ಕೆ ಹಿಡಿಯಿರಿ. ಬರುವುದೇ ಇಲ್ಲ ಎಂದು ಕೂತವರಿಗೆ ಅವರ ಭಾಷೆಯ ಒಬ್ಬ ಖಾಸಗಿ ಡಾಕ್ಟರ್, ಆರು ತಿಂಗಳಾದರೂ. ಆ ದುಡ್ಡು ದಂಡವಲ್ಲ. ತಂದೆ ಗಲ್ಫಿನಲ್ಲಿ, ಅಮ್ಮ ಒಬ್ಬರೇ ಇರುವ ಮನೆಗೆ ರಾತ್ರಿ ತೆರೆದಿರುವ, ಹತ್ತಿರದ ಆಸ್ಪತ್ರೆ. ಹೆಸರಿಗಿಂತ ದೂರ ಮುಖ್ಯ.

ಯಾವುದನ್ನು ಆರಿಸಿದರೂ 14416 ಎಲ್ಲರ ಫೋನಿನಲ್ಲಿರಲಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಅದು. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳೇ ನೇರವಾಗಿ ಮಾಡಬಹುದು. ಪ್ರಾಣಕ್ಕೆ ಅಪಾಯ ಅನಿಸಿದ ಕ್ಷಣದಲ್ಲಿ ಮಾತ್ರ ಕಾಯಬೇಡಿ, 108 ಅಥವಾ 112, ಇಲ್ಲವೇ ಸೀದಾ ಹತ್ತಿರದ ಆಸ್ಪತ್ರೆ. ಖಿನ್ನತೆಯ ಔಷಧಿ ಹೊಸದಾಗಿ ಶುರು ಮಾಡಿದ ಮೊದಲ ವಾರಗಳಲ್ಲಿ, ಇಪ್ಪತ್ತೈದರ ಒಳಗಿನವರನ್ನು ಹೆಚ್ಚು ಗಮನವಿಟ್ಟು ನೋಡಿಕೊಳ್ಳಿ. ಕೆಲವರಲ್ಲಿ ಸಾಯುವ ಯೋಚನೆ ಆಗ ಹೆಚ್ಚಾಗುವುದುಂಟು.

ಕೊನೆಗೆ ಹಣವೇ ಬೇಡದ ಒಂದು ಕೆಲಸ. ಹದಿನೇಳೂವರೆಗೇ ಈಗಿನ ಡಾಕ್ಟರ್ ಹತ್ತಿರ ಒಂದು ಪುಟದ ಪತ್ರ ಬರೆಸಿಕೊಳ್ಳಿ. ಕಾಯಿಲೆಯ ಹೆಸರು, ಈಗಿನ ಮಾತ್ರೆ ಮತ್ತು ಪ್ರಮಾಣ, ಮುಂಚೆ ಕೊಟ್ಟು ನಿಲ್ಲಿಸಿದ್ದು ಯಾವುದು, ಯಾಕೆ. ಸಾಧ್ಯವಾದರೆ ಹಳೆಯ ಡಾಕ್ಟರ್ ಇರುವಾಗಲೇ ಹೊಸಬರನ್ನು ಒಂದೆರಡು ಸಲ ನೋಡಿಬರಲಿ. ನಮಗೆ ಇದನ್ನು ಯಾರೂ ಹೇಳಲಿಲ್ಲ. ತಮ್ಮ ಈಗ ತನ್ನ ಫೈಲನ್ನು ತಾನೇ ಹಿಡಿದುಕೊಂಡು ಹೋಗುತ್ತಾನೆ. ಅದರ ಮೊದಲ ಹಾಳೆಯನ್ನು ಅವನೇ ಬರೆದಿದ್ದಾನೆ. ಲಿಥಿಯಂ (ಬೈಪೋಲಾರ್‌ಗೆ ಕೊಡುವ ಔಷಧಿ) ಎಷ್ಟು, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ರಾತ್ರಿಯ ಮಾತ್ರೆ ತೆಗೆದುಕೊಂಡು ಹನ್ನೆರಡು ತಾಸು ಕಳೆದ ಮೇಲೆ ರಕ್ತ ಕೊಡಬೇಕು. ಏಪ್ರಿಲ್, ಮೇ ಸೆಕೆಯಲ್ಲಿ ನೀರು ಜಾಸ್ತಿ ಕುಡಿಯಬೇಕು, ಉಪ್ಪು ಒಮ್ಮೆಲೇ ಬಿಡಬಾರದು, ವಾಂತಿ ಭೇದಿ ಆದರೆ ಕೂಡಲೇ ಡಾಕ್ಟರ್‌ಗೆ ಫೋನ್. ಜ್ವರ ಮೈಕೈ ನೋವಿಗೆ ಐಬುಪ್ರೊಫೆನ್ ಬೇಡ. ಎರಡು ರಾತ್ರಿ ನಿದ್ದೆ ಬರದಿದ್ದರೆ ಅಕ್ಕನಿಗೆ ಹೇಳಬೇಕು. ಅದರ ಕೆಳಗೆ ನನ್ನ ನಂಬರ್ ಇದೆ.